ಒಗರು ಎಲ್ಲಿ ಹೋಯಿತು?

ಬಿಳಿಯ ಮೇಜುಬಟ್ಟೆಯ ಮೇಲೆ ಎರಡು ಗ್ಲಾಸುಗಳಿದ್ದವು. ಒಂದರಲ್ಲಿ ಇಟ್ಟಿಗೆಪುಡಿ ಕದಡಿ ತಿಳಿಯಾದಂಥ ಬಣ್ಣ, ಅಂಚಿನಲ್ಲಿ ಕಿತ್ತಳೆಯ ಛಾಯೆ. ಇನ್ನೊಂದರಲ್ಲಿ ಜೋನಿಬೆಲ್ಲವನ್ನು ನೀರಿಗೆ ಹಾಕಿ ಕಲಕಿದಂಥ ಹೊಂಬಣ್ಣ. ಸಂಜೆಯ ದೀಪದಲ್ಲಿ ಎರಡಕ್ಕೂ ಹೆಚ್ಚು ಅಂತರ ಕಾಣುತ್ತಿರಲಿಲ್ಲ.

"ಕೆಂಪು ಯಾವುದು, ಬಿಳಿ ಯಾವುದು, ಹೇಳು ನೋಡೋಣ" ಎಂದ ಗೆಳೆಯ.

"ಎರಡೂ ಒಂದೇ ಥರ ಇದಾವಲ್ಲೋ!"

"ಇದು ಸ್ಪೇನಿನ ರಿಯೋಹಾ, 1964ರದ್ದು. ಹುಟ್ಟಿದಾಗ ನೇರಳೆಹಣ್ಣಿನ ಹಾಗೆ ಕಪ್ಪಗಿತ್ತು. ಅದು ಇದೇ ಮೊಸೆಲ್ ಕಣಿವೆಯ ರೀಸ್ಲಿಂಗ್, 1971ರದ್ದು. ಹುಟ್ಟಿದಾಗ ಎಳನೀರಿನ ಹಾಗಿತ್ತು."

ನಾವಿದ್ದದ್ದು ಜರ್ಮನಿಯ ಟ್ರಿಯರ್‌ನಲ್ಲಿ. ರೋಮನ್ನರ ಕಾಲದಿಂದಲೂ ಅದು ವೈನಿನ ಊರು. ವೈನ್ ಪೀಪಾಯಿ ಹೇರಿಕೊಂಡು ಹುಟ್ಟುಹಾಕುತ್ತ ಸಾಗುವ ಕಲ್ಲಿನ ದೋಣಿಯೊಂದು ಅಲ್ಲಿನ ಮ್ಯೂಸಿಯಂನಲ್ಲಿದೆ. ಸುಮಾರು 1800 ವರ್ಷ ಹಳೆಯ ಕೆತ್ತನೆ. ಗೆಳೆಯನ ಪಕ್ಕದ ಮನೆಯ ರಸಾಯನಶಾಸ್ತ್ರದ ಮೇಷ್ಟ್ರಿಗೆ ಅಂದು ಅರವತ್ತು ತುಂಬಿತ್ತು. ನಮ್ಮಲ್ಲಾದರೆ ಷಷ್ಟ್ಯಬ್ದಿ ಎಂದು ಮಕ್ಕಳು ಓಡಾಡುತ್ತಾರೆ. ಅಲ್ಲಿ ಹುಟ್ಟುಹಬ್ಬ ಯಾರದೋ ಅವರೇ ನಿಂತು ಬಂದವರಿಗೆ ಬಡಿಸಬೇಕು. ಬಂದವರಲ್ಲಿ ಕೆಲವರು ತಮ್ಮ ತಮ್ಮ ನೆಲಮಾಳಿಗೆಯಲ್ಲಿ ಬಹುಕಾಲ ಕಾದಿಟ್ಟ ಒಂದೊಂದು ಬಾಟಲಿ ತಂದಿದ್ದರು. ಎಂಟು ಜನಕ್ಕೆ ನಾಲ್ಕು ಬಾಟಲಿ. ರಿಯೋಹಾ ಮಾತ್ರ ಮೇಷ್ಟ್ರದೇ. ಅವರು ಹುಟ್ಟಿದ ವರ್ಷದ ದ್ರಾಕ್ಷಿಯದ್ದು.

ಮಗು ಹುಟ್ಟಿದ ವರ್ಷದ ವೈನ್ ತೆಗೆದಿಟ್ಟು, ದೊಡ್ಡವರಾದ ಮೇಲೆ ತೆರೆಯುವುದು ಯುರೋಪಿನ ಹಳೆಯ ರೂಢಿ. ಇಂಗ್ಲೆಂಡಿನ ಉಳ್ಳವರು ಮಗು ಹುಟ್ಟಿದಾಗ ಒಂದಿಡೀ ಪೀಪಾಯಿ ಪೋರ್ಟ್ ವೈನ್ ಕೊಂಡಿಡುತ್ತಿದ್ದರಂತೆ. ಅಂದರೆ ಸುಮಾರು 700 ಬಾಟಲಿ. ವೈನ್ ಹಳತಾದಷ್ಟೂ ರುಚಿ ಎಂಬ ಮಾತು ವೈನ್ ಮುಟ್ಟದವರಿಗೂ ಗೊತ್ತು. ಆದರೆ ಅದು ಅರ್ಧ ಸತ್ಯ. ಜಗತ್ತಿನಲ್ಲಿ ತಯಾರಾಗುವ ಬಹುಪಾಲು ವೈನನ್ನು ಎರಡು ಮೂರು ವರ್ಷದೊಳಗೆ ಕುಡಿದು ಮುಗಿಸಬೇಕು, ಇಟ್ಟರೆ ಸಪ್ಪೆಯಾಗುತ್ತದೆ. ಕೆಲವೇ ಕೆಲವು ವೈನುಗಳು ದಶಕಗಳ ಕಾಲ ಬಾಟಲಿಯೊಳಗೆ ಬದಲಾಗುತ್ತ ಹೋಗುತ್ತವೆ. ಆ ಬದಲಾವಣೆ ಏನು?

ಒಂದು ಗುಟುಕು ರಿಯೋಹಾ ಬಾಯಿಗೆ ಹಾಕಿಕೊಂಡಾಗ ನನಗೆ ಹೊಳೆದ ಪ್ರಶ್ನೆ ಇನ್ನೂ ಸಣ್ಣದು. ಎಳೆಯ ಕೆಂಪು ವೈನ್ ನಾಲಿಗೆಯನ್ನು ಹಿಡಿದು ಹಿಂಡುತ್ತದೆ. ಇದು ರೇಷ್ಮೆಯ ಹಾಗೆ ಜಾರಿಹೋಯಿತು. ಹಾಗಾದರೆ ಆ ಒಗರು ಎಲ್ಲಿ ಹೋಯಿತು?

ನಾಲಿಗೆ ಹಿಡಿಯುವ ಕಣ

ಒಗರನ್ನು ನಮಗೆ ಯಾರೂ ಪರಿಚಯಿಸಬೇಕಿಲ್ಲ. ಬಾಳೆಕಾಯಿ ಹೆಚ್ಚಿದ ಕೈ ಕಪ್ಪಾಗುತ್ತದೆ. ಗೇರುಹಣ್ಣು ಕಚ್ಚಿದರೆ ಗಂಟಲು ಹಿಡಿಯುತ್ತದೆ. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಗಂದು ಚೊಗರು ಬಟ್ಟೆಗೆ ತಗುಲಿದರೆ ಜನ್ಮಕ್ಕೂ ಹೋಗದು. ಇವೆಲ್ಲದರ ಹಿಂದೆ ಇರುವುದು ಒಂದೇ ಕುಲದ ಅಣುಗಳು. ವಿಜ್ಞಾನಿಗಳು ಟ್ಯಾನಿನ್ ಎಂದು ಕರೆಯುವ ಇವನ್ನು ನಾವಿಲ್ಲಿ ಒಗರುಕಣ ಎನ್ನೋಣ. ದ್ರಾಕ್ಷಿಯ ಸಿಪ್ಪೆಯಲ್ಲೂ ಬೀಜದಲ್ಲೂ ಇವು ತುಂಬಿರುತ್ತವೆ. ಕೆಂಪು ವೈನನ್ನು ಸಿಪ್ಪೆಯ ಸಮೇತ ಹುಳಿಬರಿಸುತ್ತಾರೆ, ಹಾಗಾಗಿ ಒಗರೂ ಬಣ್ಣವೂ ರಸಕ್ಕೆ ಇಳಿಯುತ್ತವೆ. ಬಿಳಿ ವೈನಿಗೆ ಮೊದಲೇ ರಸ ಹಿಂಡಿ ಸಿಪ್ಪೆ ಎಸೆಯುತ್ತಾರೆ.

ಒಗರುಕಣದ ಸ್ವಭಾವ ಒಂದೇ: ಪ್ರೋಟೀನ್ ಕಂಡರೆ ಅಂಟಿಕೊಳ್ಳುವುದು. ನಮ್ಮ ಕಡೆ ಚರ್ಮ ಹದಮಾಡುವವರು ತಂಗಡಿ ತೊಗಟೆ, ಅಳಲೆಕಾಯಿ ಬಳಸುತ್ತಿದ್ದುದು ಇದಕ್ಕೇ. ಅವುಗಳ ಒಗರು ತೊಗಲಿನ ಪ್ರೋಟೀನನ್ನು ಬಿಗಿಯಾಗಿ ಹಿಡಿದು ಕೊಳೆಯದಂತೆ ಮಾಡುತ್ತದೆ. ಕಡುಚಹಾಕ್ಕೆ ಹಾಲು ಬೆರೆಸಿದಾಗ ಒಗರು ತಗ್ಗುವುದೂ ಇದರಿಂದಲೇ; ಒಗರುಕಣ ಹಾಲಿನ ಪ್ರೋಟೀನಿಗೆ ಅಂಟಿ ಸುಮ್ಮನಾಗುತ್ತದೆ. ಬಾಯಿಯಲ್ಲಿ ಅದಕ್ಕೆ ಸಿಗುವುದು ಜೊಲ್ಲಿನ ಪ್ರೋಟೀನು. ನಾಲಿಗೆ ಮತ್ತು ಅಂಗುಳದ ನಡುವೆ ಎಣ್ಣೆ ಬಿಟ್ಟಂತೆ ಜಾರಿಕೆ ಕೊಡುವುದು ಅದೇ. ಒಗರುಕಣ ಅದನ್ನು ಗಂಟುಕಟ್ಟಿಸಿದ ಕೂಡಲೇ ಎಣ್ಣೆ ಆರಿದ ಗಾಡಿಯ ಕೀಲಿನಂತೆ ಬಾಯಿ ತರಿತರಿಯಾಗುತ್ತದೆ. ಒಗರು ಎನ್ನುವುದು ಅಸಲಿಗೆ ರುಚಿಗಿಂತ ಹೆಚ್ಚಾಗಿ ಸ್ಪರ್ಶ.

ಬಾಳೆಕಾಯಿ ಹಣ್ಣಾದಾಗ ಒಗರು ಮಾಯವಾಗುತ್ತದಲ್ಲ, ಆಗ ಒಗರುಕಣಗಳು ನಾಶವಾಗಿರುವುದಿಲ್ಲ. ಬಹುಪಾಲು ಕಣಗಳು ಒಂದಕ್ಕೊಂದು ಹೆಣೆದುಕೊಂಡು, ಜೊಲ್ಲಿನಲ್ಲಿ ಕರಗದ ರೂಪಕ್ಕೆ ತಿರುಗಿರುತ್ತವೆ. ಹಣ್ಣಿನಲ್ಲೇ ಇರುತ್ತವೆ, ನಾಲಿಗೆಯ ತಂಟೆಗೆ ಬರುವುದಿಲ್ಲ. ಈ ಸುಳಿವನ್ನು ಹಿಡಿದುಕೊಂಡು ಬಾಟಲಿಯೊಳಗೆ ಇಳಿಯೋಣ.

ಕತ್ತಲೆಯ ಕೋಲಾಟ

ಎಳೆಯ ಕೆಂಪು ವೈನಿನಲ್ಲಿ ಒಗರುಕಣಗಳ ಜತೆಗೆ ಬಣ್ಣದ ಕಣಗಳೂ ಇರುತ್ತವೆ. ಇವುಗಳ ಹೆಸರು ಆಂಥೋಸಯನಿನ್. ನೇರಳೆಹಣ್ಣು ತಿಂದ ನಾಲಿಗೆಯನ್ನು ನೀಲಿ ಮಾಡುವುದು, ಪುನರ್ಪುಳಿ ಶರಬತ್ತಿಗೆ ಕೆಂಪು ಕೊಡುವುದು ಇದೇ ಬಳಗ. ಈ ಬಣ್ಣಕಣ ಒಂಟಿಯಾಗಿದ್ದರೆ ಬಹಳ ಕಾಲ ಬಾಳುವುದಿಲ್ಲ. ಶರಬತ್ತಿನ ಪಾಕವನ್ನು ಮುಂದಿನ ಬೇಸಿಗೆಯವರೆಗೆ ಇಟ್ಟವರಿಗೆ ಗೊತ್ತು, ಕೆಂಪು ಹೋಗಿ ಕಂದು ಉಳಿಯುತ್ತದೆ.

ವೈನಿನಲ್ಲಿ ಅದಕ್ಕೆ ಒಂದು ಆಸರೆ ಸಿಗುತ್ತದೆ. ಬಣ್ಣಕಣ ಹೋಗಿ ಒಗರುಕಣದ ಕೈಹಿಡಿಯುತ್ತದೆ. ಕೆಲವೇ ವರ್ಷಗಳಲ್ಲಿ ಒಂಟಿ ಬಣ್ಣಕಣಗಳು ಬಹುತೇಕ ಮುಗಿದು, ಒಗರಿನೊಂದಿಗೆ ಬೆಸೆದುಕೊಂಡ ಹೊಸ ಕಣಗಳೇ ಬಣ್ಣದ ಹೊಣೆ ಹೊರುತ್ತವೆ. ಅವುಗಳ ಬಣ್ಣ ಊದಾ ಅಲ್ಲ, ಇಟ್ಟಿಗೆ ಕೆಂಪು. ಹಳೆಯ ವೈನಿನ ಅಂಚಿನಲ್ಲಿ ಕಿತ್ತಳೆ ಕಾಣುವುದು ಇದರಿಂದ.

ಒಗರುಕಣಗಳು ಕೂಡಿ ಕೂಡಿ ಉದ್ದ ಸರಪಳಿಯಾಗುತ್ತವೆ, ಭಾರ ತಾಳಲಾರದೆ ತಳಕ್ಕೆ ಕೂರುತ್ತವೆ, ಹಾಗಾಗಿ ಒಗರು ಇಳಿಯುತ್ತದೆ ಎಂದು ಪಠ್ಯಪುಸ್ತಕಗಳು ಬಹಳ ಕಾಲ ಹೇಳುತ್ತಿದ್ದವು. ಚೆಂದದ ವಿವರಣೆ, ಆದರೆ ಪೂರ್ತಿ ಸರಿಯಲ್ಲ. ಸರಪಳಿ ಉದ್ದವಾದಷ್ಟೂ ಬಾಯಿಯ ಹಿಡಿತ ಹೆಚ್ಚಾಗುವುದೂ ಉಂಟು ಎಂದು ಈಚಿನ ಪ್ರಯೋಗಗಳು ತೋರಿಸಿವೆ. ವೈನ್ ಎಂಬುದು ಹುಳಿದ್ರವ. ಆ ಹುಳಿಯಲ್ಲಿ ಸರಪಳಿಗಳು ಕೂಡುವುದಷ್ಟೇ ಅಲ್ಲ, ಕಡಿಯುತ್ತಲೂ ಇರುತ್ತವೆ. ಕಡಿದ ತುದಿ ಮತ್ತೊಂದು ಒಗರುಕಣವನ್ನೋ ಬಣ್ಣಕಣವನ್ನೋ ಹಿಡಿಯುತ್ತದೆ.

ಸುಗ್ಗಿಯ ಕೋಲಾಟ ನೆನಪು ಮಾಡಿಕೊಳ್ಳಿ. ಎದುರಿನವರ ಕೋಲಿಗೆ ಕೋಲು ತಾಗಿಸಿ, ತಿರುಗಿ, ಪಕ್ಕದವರಿಗೆ ಹೋಗುತ್ತಾರೆ. ಕುಣಿಯುವವರು ಅವರೇ, ಜೋಡಿ ಮಾತ್ರ ಬೇರೆ. ಬಾಟಲಿಯಲ್ಲಿ ನಡೆಯುವುದು ಅಂಥದೊಂದು ಕೋಲಾಟ, ವರ್ಷಗಟ್ಟಲೆ, ಕತ್ತಲೆಯಲ್ಲಿ. ಕೆಲವು ಜೋಡಿಗಳು ಜೊಲ್ಲಿನ ಪ್ರೋಟೀನನ್ನು ಮೊದಲಿನಷ್ಟು ಬಲವಾಗಿ ಹಿಡಿಯುವುದಿಲ್ಲ; ಅವು ಬಾಯಲ್ಲಿ ಮೆತ್ತಗೆ. ಕೆಲವು ಬೆಳೆದು ಕರಗದ ಗಾತ್ರಕ್ಕೆ ಬಂದು ತಳಕ್ಕೆ ಇಳಿಯುತ್ತವೆ. ಎರಡೂ ಸೇರಿ ಒಗರನ್ನು ನಾಲಿಗೆಯಿಂದ ದೂರ ಮಾಡುತ್ತವೆ. ಹಳತಾಗುವುದೆಂದರೆ ಹೊಸದೇನೋ ಸೇರುವುದಲ್ಲ, ಇದ್ದವರೇ ಜೋಡಿ ಬದಲಿಸುವುದು.

ಕೋಲಾಟಕ್ಕೆ ತಾಳ ಹಾಕುವವರು ಬೇಕಲ್ಲ, ಇಲ್ಲಿ ಅದು ಯಾರು?

ಪಾಶ್ಚರನ ಎರಡು ಕೊಳವೆ

1863ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಲೂಯಿ ಪಾಶ್ಚರನನ್ನು ಕರೆಸಿ, ವೈನ್ ಯಾಕೆ ಕೆಡುತ್ತದೆ ನೋಡಿ ಎಂದ. ಪಾಶ್ಚರ್ ತನ್ನ ಬಾಲ್ಯದ ಊರಾದ ಆರ್ಬ್ವಾದ ವೈನುಗಳನ್ನು ಹಿಡಿದು ಕೂತ. 1866ರಲ್ಲಿ ಅವನ ಪುಸ್ತಕ ಹೊರಬಂತು. ಕ್ರಿಮಿಗಳ ಕತೆ, ಬಿಸಿಮಾಡಿ ಕಾಪಾಡುವ ಕತೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಇಷ್ಟವಾದದ್ದು ಅದೇ ಪುಸ್ತಕದ ಇನ್ನೊಂದು ಪ್ರಯೋಗ. ಗಾಜಿನ ಕೊಳವೆಗಳಿಗೆ ವೈನ್ ತುಂಬಿ ಬಾಯಿ ಕರಗಿಸಿ ಮುಚ್ಚಿದ. ಕೆಲವನ್ನು ಗಾಳಿಗೆ ಎಡೆಯಿಲ್ಲದಂತೆ ಕಂಠಪೂರ್ತಿ ತುಂಬಿದ್ದ, ಕೆಲವನ್ನು ಅರ್ಧ ತುಂಬಿ ಉಳಿದರ್ಧ ಗಾಳಿ ಬಿಟ್ಟಿದ್ದ. ಗಾಳಿಯಿಲ್ಲದ ವೈನ್ ಹಾಗೇ ಉಳಿಯಿತು. ಗಾಳಿಯಿದ್ದದ್ದು ಬಣ್ಣ ಕಳೆದುಕೊಂಡು ತಳದಲ್ಲಿ ಗಸಿ ಬಿಟ್ಟಿತು. ಗಾಳಿಯೆಂದರೆ ವೈನಿನ ಶತ್ರು ಎಂದು ನಂಬಿದ್ದ ಕಾಲದಲ್ಲಿ, ವೈನನ್ನು ಹದಕ್ಕೆ ತರುವುದೇ ಗಾಳಿಯ ಆಮ್ಲಜನಕ ಎಂದು ಪಾಶ್ಚರ್ ಹೇಳಿದ. ಅಳತೆ ಮೀರಿದರೆ ಕೆಡಿಸುವುದೂ ಅದೇ.

ಆಮ್ಲಜನಕ ನೇರವಾಗಿ ಬಂದು ಕಣಗಳನ್ನು ಜೋಡಿಸುವುದಿಲ್ಲ. ವೈನಿನಲ್ಲಿ ಲೇಶಮಾತ್ರ ಇರುವ ಕಬ್ಬಿಣ, ತಾಮ್ರಗಳ ನೆರವಿನಿಂದ ಅದು ಕೈಯಿಂದ ಕೈಗೆ ದಾಟುತ್ತ ಹೋಗಿ, ಕೊನೆಗೆ ಒಂದಿಷ್ಟು ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಎಂಬ ಪುಟ್ಟ ಅಣುವಾಗಿ ಮಾರ್ಪಡಿಸುತ್ತದೆ. ಈ ಅಣುವಿಗೆ ಎರಡು ಕಡೆ ಹಿಡಿಯುವ ಗುಣವಿದೆ. ಇದನ್ನು ಕೊಂಡಿ ಎನ್ನೋಣ. ಒಂದು ಕಡೆ ಬಣ್ಣಕಣ, ಇನ್ನೊಂದು ಕಡೆ ಒಗರುಕಣ, ನಡುವೆ ಕೊಂಡಿ. ಜಪಾನಿನ ಒಗರು ಪರ್ಸಿಮನ್ ಹಣ್ಣನ್ನು ಸಿಹಿ ಮಾಡಲು ಹಣ್ಣಿಗೆ ಮದ್ಯಸಾರದ ಹಬೆ ಕೊಡುತ್ತಾರೆ. ಅಲ್ಲಿಯೂ ಒಗರನ್ನು ಕಟ್ಟಿಹಾಕುವುದು ಇದೇ ಕೊಂಡಿ.

ಈಗ ಕಾರ್ಕಿನ ಮಹತ್ವ ನೋಡಿ. ಒಳ್ಳೆಯ ಕಾರ್ಕ್ ದಾಟಿ ಬಾಟಲಿಯೊಳಗೆ ನುಸುಳುವ ಆಮ್ಲಜನಕ ವರ್ಷಕ್ಕೆ ಒಂದು ಮಿಲಿಗ್ರಾಂ ಆಸುಪಾಸು. ಕಾರ್ಕಿನಿಂದ ಕಾರ್ಕಿಗೆ ಇದು ಬಹಳ ಬದಲಾಗುತ್ತದೆ. ಕಾರ್ಕ್ ಮರದ ತೊಗಟೆ, ಒಂದರಂತೆ ಇನ್ನೊಂದಿಲ್ಲ. ಒಂದೇ ಪೀಪಾಯಿಯಿಂದ ಒಂದೇ ದಿನ ತುಂಬಿದ ಎರಡು ಬಾಟಲಿಗಳು ಮೂವತ್ತು ವರ್ಷದ ನಂತರ ಅಣ್ಣತಮ್ಮಂದಿರಷ್ಟೇ ಬೇರೆಬೇರೆಯಾಗಿರುವುದು ಇದರಿಂದಲೇ.

ಹಳೆ ಹುಣಸೆ, ಸೀಮೆಎಣ್ಣೆ, ವೆನಿಲ್ಲಾ

ಬಿಳಿ ವೈನಿನಲ್ಲಿ ಬಣ್ಣಕಣವೂ ಇಲ್ಲ, ಒಗರುಕಣವೂ ತೀರಾ ಕಡಿಮೆ. ಅಲ್ಲಿ ಆಮ್ಲಜನಕಕ್ಕೆ ಸಿಗುವುದು ದ್ರಾಕ್ಷಿಯ ತಿರುಳಿನಿಂದ ಬಂದ ಸಣ್ಣ ಅಣುಗಳು. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು ಇಂಥವೇ ಅಣುಗಳಿಂದ. ಅಲ್ಲಿ ನಿಮಿಷಗಳಲ್ಲಿ, ವೈನಿನಲ್ಲಿ ದಶಕಗಳಲ್ಲಿ. ಹೊಸ ಹುಣಸೆಹಣ್ಣು ಕೆಂಪಗಿರುತ್ತದೆ, ಎರಡು ವರ್ಷ ಕಳೆದರೆ ಭರಣಿಯಲ್ಲಿ ಕರಿಗಟ್ಟುತ್ತದೆ. ಹಳೆ ಹುಣಸೆಯೇ ಬೇಕು ಎಂದು ಹುಡುಕುವ ಅಡುಗೆಯವರಿಗೆ ಬಿಳಿ ವೈನಿನ ಹೊಂಬಣ್ಣ ಅರ್ಥವಾಗುತ್ತದೆ. ಕೆಂಪು ತನ್ನ ಬಣ್ಣವನ್ನು ತಳಕ್ಕೆ ಬಿಡುತ್ತದೆ, ಬಿಳಿ ಬಣ್ಣ ಕೂಡಿಸಿಕೊಳ್ಳುತ್ತದೆ. ಹಾಗೆ ಎರಡೂ ಎದುರುಬದುರು ನಡೆದು ಬಂದು ಆ ಮೇಜುಬಟ್ಟೆಯ ಮೇಲೆ ಭೇಟಿಯಾಗಿದ್ದವು.

ರೀಸ್ಲಿಂಗಿನ ಗ್ಲಾಸಿಗೆ ಮೂಗು ಹಿಡಿದಾಗ ನಾನು ಬೆಚ್ಚಿದೆ. ಚಿಕ್ಕಂದಿನಲ್ಲಿ ಸೊಸೈಟಿಯಿಂದ ಡಬ್ಬದಲ್ಲಿ ತರುತ್ತಿದ್ದ ಸೀಮೆಎಣ್ಣೆಯ ವಾಸನೆ! ಕೆಟ್ಟಿರಬೇಕು ಎಂದುಕೊಂಡೆ. ಮೇಷ್ಟ್ರು ನಕ್ಕರು. ಹಳೆಯ ರೀಸ್ಲಿಂಗಿನ ಗುರುತೇ ಅದು, ಜರ್ಮನ್ನರೂ ಪೆಟ್ರೋಲ್ ಎಂದೇ ಕರೆಯುತ್ತಾರೆ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಕುಲದ ಅಣುಗಳು ದ್ರಾಕ್ಷಿಯಲ್ಲೂ ಇವೆ. ಅವುಗಳ ತುಣುಕುಗಳು ವೈನಿನ ಹುಳಿಯಲ್ಲಿ ಮೆಲ್ಲಮೆಲ್ಲಗೆ ರೂಪ ಬದಲಿಸಿ ಈ ವಾಸನೆಯಾಗುತ್ತವೆ. ಬಿಸಿಲು ಹೆಚ್ಚು ಬಿದ್ದ ಗೊಂಚಲಿನಲ್ಲಿ ಇದು ಹೆಚ್ಚು. ಎರಡನೆಯ ಸಲ ಮೂಸಿದಾಗ ಸೀಮೆಎಣ್ಣೆಯ ಹಿಂದೆ ಜೇನು, ಕಿತ್ತಳೆ ಸಿಪ್ಪೆ ಇದ್ದವು.

ಪರಿಮಳದಲ್ಲಿ ಎರಡು ಪ್ರವಾಹಗಳು ಒಟ್ಟಿಗೇ ಹರಿಯುತ್ತವೆ. ಎಳೆಯ ವೈನಿನ ಹಣ್ಣುಹಣ್ಣು ಘಮ, ಅದರಲ್ಲೂ ಬಾಳೆಹಣ್ಣಿನಂಥದ್ದು, ವರ್ಷ ಕಳೆದಂತೆ ಹುಳಿಯಲ್ಲಿ ಒಡೆದು ಮಾಯವಾಗುತ್ತದೆ. ಅದೇ ಹುಳಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ದ್ರಾಕ್ಷಿಯ ಎಷ್ಟೋ ಪರಿಮಳಗಳು ಸಕ್ಕರೆಯ ಅಣುವಿಗೆ ಕಟ್ಟಿಹಾಕಿಕೊಂಡಿರುತ್ತವೆ. ಕಟ್ಟಿರುವಷ್ಟು ಹೊತ್ತು ಮೂಗಿಗೆ ಏನೂ ಬಾರದು. ವೆನಿಲ್ಲಾದ ಬೆಲೆ ಆಕಾಶಕ್ಕೇರಿದ್ದ ದಿನಗಳಲ್ಲಿ ಮಲೆನಾಡಿನ ತೋಟಗಳಲ್ಲಿ ಅದನ್ನು ಬೆಳೆದವರಿಗೆ ಇದು ಗೊತ್ತು: ಹಸಿರು ಕೋಡನ್ನು ಎಷ್ಟು ಮೂಸಿದರೂ ವೆನಿಲ್ಲಾ ಇಲ್ಲ. ಬಿಸಿನೀರಿಗದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ವಾರಗಟ್ಟಲೆ ಒಣಗಿಸಿದ ಮೇಲೆ ಸಕ್ಕರೆಯ ಕಟ್ಟು ಬಿಚ್ಚಿ ಘಮ ಹೊರಬರುತ್ತದೆ. ಕೋಡಿನಲ್ಲಿ ಆ ಕಟ್ಟು ಬಿಚ್ಚುವುದು ಕಿಣ್ವ, ವೈನಿನಲ್ಲಿ ಹುಳಿ.

ಮುಗ್ಗಿದ ಬರೋಲೋ

ಮೂರನೆಯ ಬಾಟಲಿ ಇಟಲಿಯ ಬರೋಲೋ. ನೆಬ್ಬಿಯೋಲೋ ದ್ರಾಕ್ಷಿಯದು, ಎಳವೆಯಲ್ಲಿ ಒಗರಿಗೆ ಹೆಸರಾದದ್ದು; ಕಾನೂನಿನ ಪ್ರಕಾರ 38 ತಿಂಗಳು ಹದಗೊಳಿಸದೆ ಮಾರುವಂತೆಯೇ ಇಲ್ಲ. ತಂದಿದ್ದಾಕೆ ಅದನ್ನು ತನ್ನ ಮಗಳು ಹುಟ್ಟಿದ ವರ್ಷದಿಂದ ಇಟ್ಟುಕೊಂಡಿದ್ದಳು. ಕಾರ್ಕ್ ತೆಗೆದು ಮೂಸಿದಳು, ಮುಖ ಬಾಡಿತು. ಗ್ಲಾಸು ಸುಮ್ಮನೆ ನನ್ನ ಕಡೆ ಸರಿಸಿದಳು. ಮಳೆಗಾಲದಲ್ಲಿ ನೆನೆದು ಅಟ್ಟದ ಮೇಲೆ ಉಳಿದ ಪತ್ರಿಕೆಗಳ ಕಟ್ಟಿನ ಮುಗ್ಗಲು ವಾಸನೆ.

ಇದು ವೈನಿನ ತಪ್ಪಲ್ಲ, ಕಾರ್ಕಿನದು. ಕ್ಲೋರಿನ್ ಇರುವ ಕೆಲವು ರಾಸಾಯನಿಕಗಳು ಕಾರ್ಕಿನ ಬೂಷ್ಟಿಗೆ ಸಿಕ್ಕಾಗ ಟಿಸಿಎ ಎಂಬ ಅಣು ಹುಟ್ಟುತ್ತದೆ. ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲು ಸಾಕು, ಮೂಗಿಗೆ ಗೊತ್ತಾಗುತ್ತದೆ. ಇನ್ನೂ ವಿಚಿತ್ರವೆಂದರೆ, ಈ ಅಣು ಮೂಗಿನ ವಾಸನೆಕೋಶಗಳ ಸಂಕೇತವನ್ನೇ ತಗ್ಗಿಸುತ್ತದೆ ಎಂದು ಜಪಾನಿನ ಸಂಶೋಧಕರು 2013ರಲ್ಲಿ ತೋರಿಸಿದರು. ಮುಗ್ಗಲು ಬರುವುದರ ಜತೆಗೆ ಬೇರೆ ಪರಿಮಳಗಳೂ ಮಂಕಾಗುತ್ತವೆ. ಬಾಟಲಿಯನ್ನು ತೆರೆಯುವವರೆಗೆ ಇದು ಯಾರಿಗೂ ತಿಳಿಯುವಂತಿಲ್ಲ. ಮೇಷ್ಟ್ರು ಎದ್ದು ಹೋಗಿ ಆಕೆಯ ಗ್ಲಾಸಿಗೆ ತಮ್ಮ ರಿಯೋಹಾ ಸುರಿದರು. ಮಗಳ ಮಾತು ತೆಗೆದು ಬಹಳ ಹೊತ್ತು ಕೇಳುತ್ತ ಕೂತರು.

ಕಾವು ಮತ್ತು ಕಡಲು

ರಾಸಾಯನಿಕ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಒರಟು ಲೆಕ್ಕ. ಯುರೋಪಿನ ನೆಲಮಾಳಿಗೆ 12 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ನಮ್ಮೂರಿನ ಅಡುಗೆಮನೆಯ ಶೆಲ್ಫು 30 ಮುಟ್ಟುತ್ತದೆ. ಅಲ್ಲಿ ವೈನ್ ಬೇಗ ಪಕ್ವವಾಗುತ್ತದೆ ಎಂದುಕೊಳ್ಳಬೇಡಿ. ಬೇರೆ ಬೇರೆ ಕ್ರಿಯೆಗಳು ಬೇರೆ ಬೇರೆ ದರದಲ್ಲಿ ವೇಗ ಪಡೆಯುತ್ತವೆ. ಒಲೆಯ ಉರಿ ಜೋರು ಮಾಡಿದರೆ ಅನ್ನ ಬೇಗ ಆಗುವುದಿಲ್ಲ, ತಳ ಹಿಡಿಯುತ್ತದೆ. ಕೋಲಾಟದ ಹೆಜ್ಜೆಗಳೂ ಹಾಗೇ ತಪ್ಪುತ್ತವೆ. ವಿದೇಶದಿಂದ ಯಾರೋ ಪ್ರೀತಿಯಿಂದ ತಂದ ಬಾಟಲಿಯನ್ನು ಫ್ರಿಜ್ಜಿನ ನೆತ್ತಿಯ ಮೇಲೆ ವರ್ಷಗಟ್ಟಲೆ ಶೋಭೆಗೆ ಇಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ತಣ್ಣಗಿದ್ದರೆ ಏನಾಗುತ್ತದೆಂಬುದಕ್ಕೆ ಬಾಲ್ಟಿಕ್ ಕಡಲು ಸಾಕ್ಷಿ. 2010ರಲ್ಲಿ ಓಲಂಡ್ ದ್ವೀಪಗಳ ಬಳಿ ಸುಮಾರು 50 ಮೀಟರ್ ಆಳದ ಹಡಗಿನ ಅವಶೇಷದಲ್ಲಿ 168 ಶಾಂಪೇನ್ ಬಾಟಲಿಗಳು ಸಿಕ್ಕವು. ಸುಮಾರು 170 ವರ್ಷ ಅವು ಕತ್ತಲೆಯಲ್ಲಿ, 2ರಿಂದ 4 ಡಿಗ್ರಿಯ ನೀರಿನಲ್ಲಿ ಮಲಗಿದ್ದವು. ಸವಿದವರಿಗೆ ಮೊದಲು ಒದ್ದೆ ಕೂದಲಿನಂಥ ವಾಸನೆ ಬಂತು. ಗ್ಲಾಸಿನಲ್ಲಿ ತಿರುಗಿಸಿ ಗಾಳಿ ಕೊಟ್ಟ ಮೇಲೆ ಹೊಗೆ, ಚರ್ಮ, ಹೂವಿನ ಸುಳಿವುಗಳು ಕಂಡವು. ಬರೀ ಕಾಲವೇ ಸಾಕೆನ್ನುವವರಿಗೆ ಜರ್ಮನಿಯದೇ ಇನ್ನೊಂದು ಉತ್ತರವಿದೆ. 1867ರಲ್ಲಿ ಸ್ಪೈಯರ್ ಊರಿನ ಹತ್ತಿರ ರೋಮನ್ ಸಮಾಧಿಯಲ್ಲಿ ಸಿಕ್ಕ ನಾಲ್ಕನೆಯ ಶತಮಾನದ ಗಾಜಿನ ಬಾಟಲಿಯಲ್ಲಿ ಇನ್ನೂ ದ್ರವವಿದೆ. ಅದನ್ನು ವೈನ್ ಎಂದು ಯಾರೂ ಸವಿಯಲಾರರು.

ನಾಲ್ಕನೆಯ ಬಾಟಲಿ ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಅದು ಅಟ್ಲಾಂಟಿಕದ ಪೋರ್ಚುಗೀಸ್ ದ್ವೀಪ ಮಡೀರಾದ್ದು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಭಾರತಕ್ಕೆ ಬರುವಾಗ ಅಲ್ಲಿ ನಿಂತು ಪೀಪಾಯಿ ಹೇರಿಕೊಳ್ಳುತ್ತಿದ್ದವು. ಉಷ್ಣವಲಯದ ಸೆಕೆಯಲ್ಲಿ, ಹಡಗಿನ ಹೊಟ್ಟೆಯಲ್ಲಿ ಬೆಂದು ಬಂದ ವೈನ್ ಕೆಡುವ ಬದಲು ಸುಧಾರಿಸಿತ್ತು. ಭಾರತಕ್ಕೆ ಹೋಗಿ ಮರಳಿದ ಪೀಪಾಯಿಗೆ ಹೆಚ್ಚು ಬೆಲೆ ಬಂತು. ಈಗ ದ್ವೀಪದಲ್ಲೇ ಬಿಸಿಕೋಣೆ, ಬಿಸಿಲಟ್ಟಗಳಲ್ಲಿ ಇಟ್ಟು ಅದೇ ಪರಿಣಾಮ ತರುತ್ತಾರೆ. ಬ್ರಾಂದಿ ಬೆರೆಸಿ ಮದ್ಯಸಾರ ಏರಿಸಿರುತ್ತಾರೆ, ಹುಳಿಯೂ ಜೋರು. ಮೂಸಿದರೆ ಸ್ಪಷ್ಟವಾಗಿ ಹುರಿದ ಮೆಂತ್ಯ! ಇದು ನನ್ನ ಕಲ್ಪನೆಯಲ್ಲ. ಮೆಂತ್ಯಕ್ಕೆ ಅದರ ವಾಸನೆ ಕೊಡುವ ಸೊಟೊಲಾನ್ ಎಂಬ ಅಣುವೇ ಹಳೆಯ ಮಡೀರಾದಲ್ಲೂ ಕೂಡುತ್ತದೆ. ಗಾಳಿ, ಕಾವು ಎರಡನ್ನೂ ಉಂಡು ಮುಗಿಸಿದ ಇದಕ್ಕೆ ಇನ್ನೇನೂ ಆಗಬೇಕಾಗಿಲ್ಲ. ತೆರೆದ ಬಾಟಲಿ ತಿಂಗಳುಗಟ್ಟಲೆ ಕೆಡದು.

ನಲವತ್ತು ನಿಮಿಷ

ರಿಯೋಹಾಕ್ಕೆ ಆ ಭಾಗ್ಯವಿಲ್ಲ. ಗಾಳಿಯಾಡುವ ಒಂದು ಲೀಟರ್ ವೈನ್ ತುಂಬಾ ತುಂಬಾ ಎಂದರೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿಸಿಕೊಳ್ಳಬಲ್ಲದು. ಬಾಟಲಿ ಲೆಕ್ಕದಲ್ಲಿ ಆರು. ಕಾರ್ಕ್ ಆರೇಳು ವರ್ಷದಲ್ಲಿ ಒಳಬಿಡುವಷ್ಟು ಗಾಳಿ, ಸುರಿದು ಅಲುಗಾಡಿಸಿದ ಕೆಲವು ನಿಮಿಷಗಳಲ್ಲೇ ಒಳಸೇರಿಬಿಡಬಹುದು. ಎಳೆಯ ವೈನಿಗೆ ಅದನ್ನು ತಾಳಿಕೊಳ್ಳುವ ಒಗರಿನ ದಾಸ್ತಾನು ಇರುತ್ತದೆ. ಅರವತ್ತರ ವೈನಿನಲ್ಲಿ ಅದು ಖರ್ಚಾಗಿರುತ್ತದೆ. ಆದ್ದರಿಂದ ಇಂಥ ಬಾಟಲಿಯನ್ನು ಒಬ್ಬರೇ ಕೂತು ನಾಳೆಗೆ ಅರ್ಧ ಉಳಿಸುವಂತಿಲ್ಲ. ಎಂಟು ಗ್ಲಾಸು ಒಟ್ಟಿಗೆ ಬೇಕು, ಎಂಟು ಜನ ಅದೇ ಗಳಿಗೆಯಲ್ಲಿ ಅಲ್ಲಿರಬೇಕು.

ಮೇಷ್ಟ್ರು ಎರಡು ದಿನ ಮುಂಚೆಯೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದ್ದರು, ಗಸಿ ತಳಕ್ಕಿಳಿಯಲಿ ಎಂದು. ತೆರೆದ ಮೇಲೆ ಹೂಜಿಗೆ ಬಗ್ಗಿಸುವಾಗ ಬಾಟಲಿಯ ಕುತ್ತಿಗೆಯ ಹಿಂದೆ ಮೇಣದಬತ್ತಿ ಹಿಡಿದರು. ಬೆಳಕಿನಲ್ಲಿ ವೈನ್ ಎಳೆಯಾಗಿ ಹರಿಯುತ್ತಿತ್ತು. ಕಪ್ಪು ನೂಲಿನಂಥದೊಂದು ಕುತ್ತಿಗೆಗೆ ಬಂದದ್ದೇ ಕೈ ನಿಲ್ಲಿಸಿದರು. ಮೊದಲ ಹತ್ತು ನಿಮಿಷ ಒಣಗಿದ ಗುಲಾಬಿ, ಹೊಗೆಸೊಪ್ಪು, ಎಲ್ಲೋ ದೂರದಲ್ಲಿ ಹಣ್ಣು. ಅರ್ಧ ಗಂಟೆಗೆ ಹಣ್ಣು ಹೋಯಿತು. ನಲವತ್ತು ನಿಮಿಷಕ್ಕೆ ಗ್ಲಾಸಿನಲ್ಲಿ ಉಳಿದದ್ದು ತೆಳ್ಳಗಿನ ಹುಳಿ. ಅಷ್ಟರಲ್ಲಿ ಎಲ್ಲರ ಗ್ಲಾಸೂ ಬರಿದಾಗಿತ್ತು.

ಊಟ ಮುಗಿದ ಮೇಲೆ ನಾನು ಆ ಬಾಟಲಿ ಕೇಳಿ ಪಡೆದು, ತಳದಲ್ಲಿದ್ದುದನ್ನು ಬಿಳಿ ತಟ್ಟೆಗೆ ಬಗ್ಗಿಸಿದೆ. ಫಿಲ್ಟರಿನ ಕಾಫಿಗಸಿಯ ಹಾಗೆ, ಆದರೆ ಕೆಂಗಂದು. ಬೆರಳ ನಡುವೆ ಉಜ್ಜಿದರೆ ನಯವಾಗಿ ಜಾರಿ ಉಗುರಿನ ಸಂದಿಗೆ ಹತ್ತಿಕೊಂಡಿತು, ಥೇಟು ನಮ್ಮ ಅಡಿಕೆ ಹಂಡೆಯ ಚೊಗರಿನಂತೆ. ವಾಸನೆಯಿಲ್ಲ. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟೆ. ಗರಗರ ಎಂದಿತು, ಕಹಿ ಎನಿಸಿತು, ಆಮೇಲೆ ಮೆಲ್ಲಗೆ ಅಂಗುಳವನ್ನು ಹಿಡಿಯಿತು.

"ಏನೋ ಅದು, ಗಸಿ ತಿಂತಾ ಇದ್ದೀಯಾ?" ಎಂದ ಗೆಳೆಯ.

"ಒಗರು ಸಿಕ್ತು ಕಣೋ, ನೋಡು" ಎಂದು ತಟ್ಟೆಯನ್ನು ಅವನ ಕಡೆ ಸರಿಸಿದೆ.